ಗೆದ್ದಲು ತಿಂದ ಫ್ರೆಂಚ್ ಸಮುದ್ರ ನಕ್ಷೆ: ಇದು ನಿಜವಾಗಿ ಹಳೆಯದಾ? ಹೇಗೆ ಉಳಿಸಿಕೊಳ್ಳಲಿ?

ಹನುಮಂತನಗರದ ಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪನ ಟ್ರಂಕಿನಲ್ಲಿ ಸಿಕ್ಕ ಒಂದು ನಕ್ಷೆಯ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಅಪ್ಪ ಡ್ರಾಫ್ಟ್ಸ್‌ಮನ್ ಆಗಿದ್ದರು. ಮೂವತ್ತು ವರ್ಷಕ್ಕಿಂತ ಜಾಸ್ತಿ ನಕ್ಷೆ ಬರೆಯೋದೇ ಕೆಲಸ. ಭಾನುವಾರ ಬಂತೆಂದರೆ ಕೈಚೀಲ ಹಿಡಿದು ಅವೆನ್ಯೂ ರೋಡಿನ ಫುಟ್‌ಪಾತಿಗೆ ಹೋಗಿ ಹಳೆ ಪುಸ್ತಕದ ರಾಶಿ ಮುಂದೆ ಕೂತುಬಿಡುತ್ತಿದ್ದರು. ಈ ನಕ್ಷೆ ಅಲ್ಲಿಂದಲೇ ಬಂದದ್ದು. ಅವರ ಜೇಬಿನ ಡೈರಿಯಲ್ಲಿ 1978ರ ಒಂದು ಪುಟದಲ್ಲಿ "ಸಮುದ್ರದ ನಕ್ಷೆ, 40 ರೂ." ಅಂತಿದೆ. ಅದರ ಕೆಳಗಿನ ಸಾಲು "ಹಾಲು, ಬಾಕಿ". ಆ ತಿಂಗಳು ಅಮ್ಮ ಎಷ್ಟು ಬೈದರು ಅಂತ ನನಗೆ ಇನ್ನೂ ನೆನಪಿದೆ. ಅಪ್ಪ ಏನೂ ಮಾತಾಡಲಿಲ್ಲ. ನಕ್ಷೆಯನ್ನು ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟರು. ಅವರು ಹೋಗಿ ಎರಡು ವರ್ಷ ಆಯಿತು. ಹೋದ ವಾರ ಟ್ರಂಕ್ ತೆಗೆದರೆ ಒಂದು ಮೂಲೆಗೆ ಗೆದ್ದಲು ಹತ್ತಿತ್ತು.

ಅಪ್ಪನದೇ ಸ್ಟೀಲ್ ಸ್ಕೇಲಿನಲ್ಲಿ ಅಳೆದೆ. ಅಗಲ 71 ಸೆಂಟಿಮೀಟರ್, ಎತ್ತರ 54. ಕಪ್ಪು ಶಾಯಿ ಮಾತ್ರ, ಬಣ್ಣ ಇಲ್ಲ. ಮೇಲ್ಗಡೆ ಇಂಗ್ಲೆಂಡಿನ ದಕ್ಷಿಣ ದಡ, ಕೆಳಗಡೆ ಫ್ರಾನ್ಸಿನ ಉತ್ತರ ದಡ, ಮಧ್ಯೆ ಸಮುದ್ರ. ಬರಹ ಎಲ್ಲ ಫ್ರೆಂಚ್. ಕೆಳಗೆ ಬಲಗಡೆ ಅಲಂಕಾರದ ಚೌಕಟ್ಟಿನೊಳಗೆ ಹೆಸರು, ವರ್ಷ ಎಲ್ಲ ಇದ್ದಿರಬೇಕು. ಗೆದ್ದಲು ತಿಂದಿರೋದು ಸರಿಯಾಗಿ ಅಲ್ಲೇ! ಉಳಿದಿರೋದು ಇಷ್ಟು: "ಪಾರ್ ಲ ಸಿಯರ್ ಬೆಲ್", ಆಮೇಲೆ ತೂತು. ಮುಂದಿನ ಸಾಲಿನಲ್ಲಿ "ಅಕಾಡೆಮಿ ದ ಮರೀನ್", "ಸೊಸೈಟೆ ರಾಯಲ್ ದ ಲೋಂಡ್", ಮತ್ತೆ ತೂತು. ಫ್ರೆಂಚ್ ಉಚ್ಚಾರ ನನಗೆ ಬರೋದಿಲ್ಲ, ನನ್ನ ಮಗಳು ಓದಿದ ಹಾಗೆ ಬರೆದಿದ್ದೇನೆ. ಗೆರೆಯ ಹೊರಗೆ, ತೀರಾ ಕೆಳಗೆ, ಸಣ್ಣದಾಗಿ "ಪ್ರಿ ತ್ರಾಂತ್ ಸೋಲ್" ಅಂತಿದೆ. ಪಕ್ಕದಲ್ಲಿ ಲಂಗರಿನ ಗುರುತು ಇರುವ ಒಂದು ಪುಟ್ಟ ಮುದ್ರೆ.

ನನ್ನನ್ನು ಕೂರಿಸಿಬಿಟ್ಟದ್ದು ಮಾತ್ರ ಸಮುದ್ರದೊಳಗಿನ ಅಂಕಿಗಳು. ಇರುವೆ ಸಾಲಿನ ಹಾಗೆ ಹೋಗುತ್ತವೆ. ಕಿರಿದಾದ ಜಾಗದಲ್ಲಿ 18, 20, 25. ಎಡಗಡೆ ಸಮುದ್ರ ಅಗಲವಾದ ಕಡೆ 50, 60. ಅಲ್ಲಲ್ಲಿ ಒಂದೊಂದು ಚಿಕ್ಕ ಪದ ಕೂಡ ಇದೆ. ಭೂಮಿಯ ಮೇಲೆ ಮಾತ್ರ ಏನೇನೂ ಇಲ್ಲ. ದಡದ ಉದ್ದಕ್ಕೂ ಊರ ಹೆಸರು, ಅದರ ಹಿಂದೆ ಬರೀ ಖಾಲಿ ಕಾಗದ. ಅಪ್ಪ ಬರೆಯುತ್ತಿದ್ದ ನಕ್ಷೆಗಳಲ್ಲಿ ಕೆರೆ, ಗುಡ್ಡ, ಗುಂಡುತೋಪು, ಬಾವಿ, ಎಲ್ಲ ಇರುತ್ತಿತ್ತು. ಇದು ಅದಕ್ಕೆ ಪೂರ್ತಿ ಉಲ್ಟಾ. ಮೇಲಿನ ಅಂಚಿನಲ್ಲಿ ಮತ್ತು ಕೆಳಗಿನ ಅಂಚಿನಲ್ಲಿ ಡಿಗ್ರಿಗಳ ಪಟ್ಟಿ ಇದೆ, ಆದರೆ ಒಂದಲ್ಲ, ಒಂದರ ಕೆಳಗೊಂದು ನಾಲ್ಕು ಪಟ್ಟಿ. ಲಂಡನ್ನಿನ ನೇರಕ್ಕೆ ಬೆರಳಿಟ್ಟು ಕೆಳಗೆ ಬಂದರೆ ಒಂದರಲ್ಲಿ ಎರಡೂ ಕಾಲರ ಹತ್ತಿರ, ಇನ್ನೊಂದರಲ್ಲಿ ಹದಿನೇಳೂವರೆ ದಾಟಿದೆ.

ನನ್ನ ತಮ್ಮ ಇದನ್ನು ಲ್ಯಾಮಿನೇಟ್ ಮಾಡಿಸಿ ಅವನ ಹೊಸ ಫ್ಲ್ಯಾಟಿನ ಹಾಲ್‌ನಲ್ಲಿ ಹಾಕಬೇಕು ಅಂತಾನೆ. ಒಂದು ಫ್ರೇಮ್ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆವು. ಅವರು ಅಂಚು ಕತ್ತರಿಸಿ, ಹಿಂದೆ ಪೂರ್ತಿ ಗೋಂದು ಹಚ್ಚಿ ಪ್ಲೈವುಡ್ಡಿಗೆ ಅಂಟಿಸಿಕೊಡ್ತೀವಿ ಅಂದರು. ನನಗೆ ಎದೆ ಧಸಕ್ಕೆಂದಿತು, ಸುತ್ತಿಕೊಂಡು ವಾಪಸ್ ಬಂದೆ.

ಇದು ನಿಜವಾಗಿ ಹಳೆಯದಾ, ಇಲ್ಲ ಈಚೆಗೆ ಅಚ್ಚು ಹಾಕಿದ್ದಾ? ಇಂಗ್ಲೆಂಡಿನ ದಡವನ್ನು ಫ್ರೆಂಚರು ಯಾಕೆ ಬರೆದರು? ಆ ಅಂಕಿಗಳು ಏನು? ಮತ್ತೆ ನಾನು ಈಗ ಏನು ಮಾಡಬೇಕು?

ಹಳೇ ಕಾಗದ ಬರೆದದ್ದು:

ಮೇಡಂ, ವಾಪಸ್ ತಂದಿರಲ್ಲ, ಮೊದಲು ಅದಕ್ಕೆ ನಿಮಗೆ ನಮಸ್ಕಾರ. ನಾನು ಮಲ್ಲೇಶ್ವರದಲ್ಲಿ ಹಳೆ ಪುಸ್ತಕ, ಕಾಗದ ರಿಪೇರಿ ಮಾಡುತ್ತೇನೆ. ಲ್ಯಾಮಿನೇಷನ್ ಅಂದರೆ ಬಿಸಿ ಮತ್ತು ಪ್ಲಾಸ್ಟಿಕ್ ಎರಡೂ. ಒಮ್ಮೆ ಮಾಡಿದರೆ ಬಿಡಿಸೋದಕ್ಕೆ ಆಗೋದಿಲ್ಲ. ಅಂಚು ಕತ್ತರಿಸಿದ್ದರೆ ಆ ಬೆಲೆಯ ಸಾಲೂ ಮುದ್ರೆಯೂ ಹೋಗುತ್ತಿದ್ದವು. ನಕ್ಷೆಯ ವಯಸ್ಸು ಹೇಳುವುದೇ ಅವು.

ಹಳೆಯದಾ ಅಂತ ನೀವೇ ಮನೆಯಲ್ಲಿ ನೋಡಬಹುದು. ಬೆಳಿಗ್ಗೆ ಕಿಟಕಿಗೆ ಹಿಡಿಯಿರಿ, ಇಬ್ಬರು ಹಿಡಿದುಕೊಳ್ಳಿ. ಕಾಗದದೊಳಗೆ ಸೊಳ್ಳೆಪರದೆಯ ಹಾಗೆ ಒತ್ತೊತ್ತಾಗಿ ಸಣ್ಣ ಗೆರೆಗಳು, ಅವನ್ನು ಅಡ್ಡ ಹಾಯುವ ದೂರದೂರದ ಗೆರೆಗಳು, ಸುಮಾರು ಎರಡೂವರೆ ಸೆಂಟಿಮೀಟರಿಗೆ ಒಂದು, ಕಂಡರೆ ಅದು ತಂತಿಯ ಜಾಲರಿ ಮೇಲೆ ಕೈಯಲ್ಲಿ ಎತ್ತಿದ ಕಾಗದ. ಬಟ್ಟೆಯ ಚಿಂದಿ ಕೊಳೆಸಿ ಮಾಡಿದ್ದು. ಅದಕ್ಕೇ ಅದು ಇಷ್ಟು ವರ್ಷ ಬಾಳಿದೆ. ಮರದ ತಿರುಳಿನ ಕಾಗದ ಆಗಿದ್ದರೆ ನಿಮ್ಮ ಕೈಯಲ್ಲೇ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಎರಡನೆಯದು, ಅಚ್ಚು. ಈ ನಕ್ಷೆಗಳನ್ನು ತಾಮ್ರದ ತಗಡಿನ ಮೇಲೆ ಉಲ್ಟಾ ಕೊರೆದು, ಗೀರಿನೊಳಗೆ ಶಾಯಿ ತುಂಬಿ, ಒದ್ದೆ ಕಾಗದಕ್ಕೆ ಭಾರಿ ಒತ್ತಡದಲ್ಲಿ ಒತ್ತುತ್ತಿದ್ದರು. ಹಾಗಾಗಿ ನಾಲ್ಕೂ ಕಡೆ ತಗಡಿನ ಅಂಚು ಕಾಗದದಲ್ಲಿ ಕುಳಿ ಬಿಟ್ಟಿರುತ್ತದೆ. ಉಗುರಿಗೆ ಸಿಗುತ್ತದೆ. ಬೂತಗನ್ನಡಿಯಲ್ಲಿ ಗೆರೆ ನೋಡಿ. ಗೆರೆ ಗಟ್ಟಿಯಾಗಿ, ಸ್ವಲ್ಪ ಎದ್ದ ಹಾಗೆ ಇದ್ದರೆ ತಾಮ್ರದ ಅಚ್ಚು. ಗೆರೆ ಒಡೆದು ಚುಕ್ಕಿ ಚುಕ್ಕಿ ಕಂಡರೆ ಈಚಿನ ಆಫ್‌ಸೆಟ್.

ಇನ್ನು ಹೆಸರು. ಗೆದ್ದಲು ಬಿಟ್ಟುಕೊಟ್ಟದ್ದು ಸಾಕಷ್ಟಿದೆ. ಅದು ಜಾಕ್ ನಿಕೊಲಾ ಬೆಲ್ಲಾಂ. ನಮ್ಮವರು ಸ್ಪೆಲ್ಲಿಂಗ್ ನೋಡಿ ಬೆಲ್ಲಿನ್ ಅಂತಾರೆ. 1703ರಲ್ಲಿ ಹುಟ್ಟಿ 1772ರಲ್ಲಿ ತೀರಿಕೊಂಡವರು. ಫ್ರೆಂಚ್ ನೌಕಾಪಡೆಗೆ ನಕ್ಷೆಗಳನ್ನೆಲ್ಲ ಒಂದೇ ಕಡೆ ಕೂಡಿಡಲು 1720ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಕಚೇರಿ ಮಾಡಿದರು. ಇವರು ಹುಡುಗನಾಗಿ ಅಲ್ಲಿ ಸೇರಿ ಸುಮಾರು ಐವತ್ತು ವರ್ಷ ದುಡಿದರು. ಫ್ರೆಂಚ್ ನೌಕಾ ವಿದ್ವಾಂಸರ ಸಂಘ ಅಕಾಡೆಮಿ ದ ಮರೀನ್ ಶುರುವಾದದ್ದು 1752ರಲ್ಲಿ. ಆ ಹೆಸರು ಇದೆ ಅಂದಮೇಲೆ ನಿಮ್ಮ ತಗಡು ಕೊರೆದದ್ದು ಅದಕ್ಕಿಂತ ಮುಂಚೆ ಅಲ್ಲ. ಮೂವತ್ತು ಸೋಲ್ ಅಂದರೆ ಆಗಿನ ಫ್ರೆಂಚ್ ಹಣದಲ್ಲಿ ಒಂದೂವರೆ ಲಿವ್ರ್, ಬಿಡಿ ಹಾಳೆಯ ಬೆಲೆ. ಲಂಗರಿನ ಮುದ್ರೆ ಆ ಕಚೇರಿಯದು. ಒಂದು ಎಚ್ಚರಿಕೆ: ತಗಡನ್ನು ಎತ್ತಿಟ್ಟು ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ಹಾಗಾಗಿ ಕೊರೆದ ವರ್ಷವೇ ನಿಮ್ಮ ಹಾಳೆ ಅಚ್ಚಾದ ವರ್ಷ ಅನ್ನೋಕೆ ಬರೋದಿಲ್ಲ.

ಹೋದ ಹೆಸರನ್ನು ಹುಡುಕಬೇಕಾ? ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಬೆಲ್ಲಿನ್ ನಕ್ಷೆಗಳ ಸ್ಕ್ಯಾನ್ ಬಿಟ್ಟಿ ನೋಡಬಹುದು. ನಿಮ್ಮದರ ಪಕ್ಕ ಇಟ್ಟು ಹೋಲಿಸಿ. ಒಂದೇ ತಗಡಾದರೆ ದಿಕ್ಕು ತೋರಿಸುವ ಹೂವಿನಂಥ ಚಿತ್ರದ ಗೆರೆ ಯಾವ ಅಕ್ಷರದ ಮೇಲೆ ಹಾಯುತ್ತದೆ ಅನ್ನೋದು ಕೂಡ ಕೂದಲೆಳೆ ತಪ್ಪದೆ ಹೊಂದುತ್ತದೆ.

ಈಗ ಮಾಡಬೇಕಾದ್ದು: ಮಡಿಸಬೇಡಿ, ಸುತ್ತಬೇಡಿ. ಹಾಸಿಗೆ ಕೆಳಗೆ ಅಲ್ಲ, ಮರದ ಬೀರುವಿನಲ್ಲೂ ಅಲ್ಲ. ಆಮ್ಲ ಇಲ್ಲದ ಬೋರ್ಡ್ ಸಿಗುತ್ತದೆ, ಎರಡು ಬೋರ್ಡಿನ ಮಧ್ಯೆ ಚಪ್ಪಟೆಯಾಗಿ ಇಡಿ. ಸೆಲ್ಲೋಟೇಪ್ ಹತ್ತಿರಕ್ಕೂ ಬೇಡ. ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ಟ್ರಂಕ್ ಇದ್ದ ಗೋಡೆ ನೋಡಿಸಿ, ಗೆದ್ದಲು ಅಲ್ಲೇ ಇರುತ್ತದೆ. ತೂತು ಮುಚ್ಚೋದು ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಕೆಲಸ, ಬೇಕೆಂದಾಗ ನೀರಲ್ಲಿ ಬಿಡಿಸಬಹುದು. ನನಗೆ ಕೊಡಿ ಅಂತ ಹೇಳುತ್ತಿಲ್ಲ. ಇಷ್ಟು ದೊಡ್ಡ ಹಾಳೆಗೆ ಚಿತ್ರಕಲಾ ಪರಿಷತ್ತಿನ ಜೊತೆ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸುವ ಸಂಸ್ಥೆ ನಡೆಸುವ ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಿ.

ಹೊನ್ನಾವರದವರು ಬರೆದದ್ದು:

ಅಮ್ಮಾ, ನಾನು ಹೊನ್ನಾವರದ ಕಡೆಯವನು. ಮರ್ಚೆಂಟ್ ನೇವಿಯಲ್ಲಿ ಇಪ್ಪತ್ತೆಂಟು ವರ್ಷ ಇದ್ದು ಈಗ ವಿಜಯನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ನಿಮ್ಮ ನಕ್ಷೆಯಲ್ಲಿರುವುದು ಇಂಗ್ಲಿಷ್ ಚಾನೆಲ್ ಅನ್ನೋ ಕಾಲುವೆ, ಆ ನೀರಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅದಕ್ಕೇ ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಆ ಅಂಕಿಗಳು ಆಳ. ಅಳತೆ ಬ್ರಾಸ್. ಫ್ರೆಂಚಿನಲ್ಲಿ ಬ್ರಾ ಅಂದರೆ ತೋಳು. ಎರಡೂ ತೋಳು ಚಾಚಿದರೆ ಎಷ್ಟೋ ಅಷ್ಟು. ನಿಮಗೆ ಇದು ಗೊತ್ತಿರುವುದೇ. ಗಾಂಧಿ ಬಜಾರಿನಲ್ಲಿ ಹೂವಿನವರು ಮಲ್ಲಿಗೆ ಅಳೆಯೋದು ಮೊಳದಲ್ಲಿ, ಮಾರಿನಲ್ಲಿ ಅಲ್ವಾ? ಅದೇ ಮಾರು. ನಮ್ಮ ಕಡೆ ದೋಣಿಯವರು ಇವತ್ತಿಗೂ ನೀರು ಎಷ್ಟು ಮಾರು ಅಂತಲೇ ಕೇಳುತ್ತಾರೆ. ಇಂಗ್ಲಿಷರ ಫ್ಯಾದಮ್ ಕೂಡ ಚಾಚಿದ ತೋಳೇ. ಹಗ್ಗವನ್ನು ನೀರಿನಿಂದ ಎಳೆಯುವಾಗ ಮನುಷ್ಯ ತೋಳು ಚಾಚಿ ಚಾಚಿ ಎಣಿಸುತ್ತಾನೆ. ಎಲ್ಲಾ ಕಡೆ ಒಂದೇ ಅಳತೆ ಹುಟ್ಟಿದ್ದು ಅದಕ್ಕೇ. ಆದರೆ ಉದ್ದ ಒಂದೇ ಅಲ್ಲ. ಫ್ರೆಂಚ್ ಬ್ರಾಸ್ ಅವರ ಐದು ಅಡಿ, ಅಂದರೆ 1.62 ಮೀಟರ್. ಇಂಗ್ಲಿಷ್ ಫ್ಯಾದಮ್ ಆರು ಅಡಿ, 1.83 ಮೀಟರ್. ನಿಮ್ಮ 25 ಅಂದರೆ ಸುಮಾರು 40 ಮೀಟರ್.

ಅಳೆಯುತ್ತಿದ್ದದ್ದು ಸೀಸದ ಗುಂಡಿನಿಂದ. ನಾನು ಟ್ರೈನಿಂಗಿನಲ್ಲಿ ಕೈಯಲ್ಲಿ ಎಸೆದಿದ್ದೇನೆ. ಗುಂಡಿನ ಬುಡದಲ್ಲಿ ಒಂದು ಕುಳಿ ಇರುತ್ತದೆ. ಅದಕ್ಕೆ ದನದ ಕೊಬ್ಬು ಮೆತ್ತಿರುತ್ತಾರೆ. ಗುಂಡು ತಳ ಮುಟ್ಟಿದಾಗ ಅಲ್ಲಿರುವ ಮರಳೋ ಕೆಸರೋ ಕೊಬ್ಬಿಗೆ ಅಂಟಿ ಮೇಲೆ ಬರುತ್ತದೆ. ನೀವು ಹೇಳಿದ ಸಣ್ಣ ಪದಗಳು ಅವೇ. ಸಾಬ್ಲ್ ಅಂದರೆ ಮರಳು, ವಾಜ್ ಅಂದರೆ ಕೆಸರು, ಕೊಕಿಯ್ ಅಂದರೆ ಚಿಪ್ಪು, ರೋಶ್ ಅಂದರೆ ಬಂಡೆ. ಮಂಜು ಕವಿದು ಹತ್ತು ದಿನ ದಡ ಕಾಣದ ಹಡಗಿಗೆ ಆಳ ಮತ್ತು ಆ ಚಿಟಿಕೆ ಮರಳೇ ದಾರಿ. ಅರವತ್ತು ಮಾರು, ಒರಟು ಮರಳು, ಒಡೆದ ಚಿಪ್ಪು ಬಂತು ಅಂದರೆ ನಕ್ಷೆಯಲ್ಲಿ ಅಂಥ ಜಾಗ ಎಲ್ಲಿದೆ ಅಂತ ಹುಡುಕುತ್ತಿದ್ದರು. ನೀವು ಒಂದು ಅಂಕಿಯ ಮೇಲೆ ಬೆರಳಿಟ್ಟಾಗ ನೆನಪಿಡಿ. ಅಲ್ಲಿ ಒಬ್ಬ ಮನುಷ್ಯ ಚಳಿಯಲ್ಲಿ ನಿಂತು ಒದ್ದೆ ಹಗ್ಗ ಎಳೆದಿದ್ದಾನೆ. ಪ್ರತಿ ಅಂಕಿಗೂ.

ನಕ್ಷೆಯ ಎಡ ತುದಿಯಲ್ಲಿ ಸಾಸಿವೆ ಕಾಳು ಚೆಲ್ಲಿದ ಹಾಗೆ ದ್ವೀಪಗಳಿವೆಯಾ ನೋಡಿ. ಸೋರ್ಲಾಂಗ್ ಅಂತ ಬರೆದಿರುತ್ತದೆ. ಇಂಗ್ಲಿಷಿನಲ್ಲಿ ಸಿಲ್ಲಿ ದ್ವೀಪಗಳು. 1707ರ ಅಕ್ಟೋಬರಿನಲ್ಲಿ ಇಂಗ್ಲಿಷ್ ನೌಕಾಪಡೆ ತಾನು ಎಲ್ಲಿದ್ದೇನೆ ಅಂತ ತಪ್ಪು ತಿಳಿದು ಅಲ್ಲಿನ ಬಂಡೆಗೆ ಹೊಡೆಯಿತು. ನಾಲ್ಕು ಹಡಗು ಒಂದೇ ರಾತ್ರಿ ಹೋದವು. ಅಡ್ಮಿರಲ್ ಶವೆಲ್ ಸೇರಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರದೇ ದೇಶದ ದಡ ಅದು. ಬಲ ತುದಿಯಲ್ಲಿ, ಡೋವರಿನಿಂದ ಸ್ವಲ್ಪ ಮೇಲೆ, ಚುಕ್ಕಿ ಹಾಕಿ ತೋರಿಸಿದ ಉದ್ದನೆಯ ಪಟ್ಟಿ ಗುಡ್‌ವಿನ್ ಮರಳದಿಬ್ಬ. 16 ಕಿಲೋಮೀಟರಿನಷ್ಟು ಉದ್ದ. ಇಳಿತದಲ್ಲಿ ನೀರಿನಿಂದ ಮೇಲೆ ಕಾಣುತ್ತದೆ, ಭರತದಲ್ಲಿ ಮುಳುಗುತ್ತದೆ. 1703ರ ನವೆಂಬರಿನ ಬಿರುಗಾಳಿಯಲ್ಲಿ ಅಲ್ಲೇ ನಾಲ್ಕು ಯುದ್ಧನೌಕೆಗಳು ಹೋದವು. ನಾನು ಮೊದಲ ಸಲ ಅದರ ಪಕ್ಕ ಹೋದಾಗ ಥರ್ಡ್ ಆಫೀಸರ್. ರಾತ್ರಿ ವಾಚ್. ಆಳ ಅಳೆಯುವ ಎಕೋ ಸೌಂಡರ್ ಇತ್ತು, ರೇಡಾರ್ ಇತ್ತು. ಆದರೂ ಅಂಗೈ ಬೆವರಿತ್ತು.

ಭೂಮಿ ಯಾಕೆ ಖಾಲಿ ಅಂದಿರಿ. ಹಡಗಿನಿಂದ ಕಾಣದ್ದು ಹಡಗಿನವನಿಗೆ ಬೇಡ. ದಡದ ಚರ್ಚಿನ ಗೋಪುರ, ಒಂಟಿ ಗುಡ್ಡ, ಬಿಳಿ ಬಂಡೆ, ಅಷ್ಟಿದ್ದರೆ ಸಾಕು. ನಿಮ್ಮ ತಂದೆಯವರ ಬಾವಿಗಳು ಇದ್ದ ಹಾಗೆ ಇವರಿಗೆ ಆ ಅಂಕಿಗಳು.

ಫ್ರೆಂಚರು ಯಾಕೆ ಬರೆದರು? ಯುದ್ಧ ಅನ್ನೋದು ಒಂದು ಉತ್ತರ, ನಿಜವೂ ಹೌದು. 1759ರಲ್ಲಿ ಇಂಗ್ಲೆಂಡಿಗೆ ಸೈನ್ಯ ಇಳಿಸಲು ಸಿದ್ಧತೆಯೇ ನಡೆದಿತ್ತು. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಕಾಣೋದು ಬೇರೆ. ಆ ಕಾಲುವೆಯಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ. ದೊಡ್ಡ ಹಡಗು ಒಳಗೆ ಹೋಗಿ ನಿಲ್ಲುವ ಆಳದ ಬಂದರುಗಳು ಇಂಗ್ಲೆಂಡಿನ ಕಡೆ: ಪ್ಲಿಮತ್, ಪೋರ್ಟ್ಸ್‌ಮತ್. ಫ್ರಾನ್ಸಿಗೆ ಬ್ರೆಸ್ಟ್ ಬಿಟ್ಟರೆ ಡಂಕರ್ಕ್‌ವರೆಗೆ ದೊಡ್ಡ ನೌಕಾಪಡೆ ಓಡಿಹೋಗಿ ಅಡಗಲು ಜಾಗವೇ ಇರಲಿಲ್ಲ. 1692ರಲ್ಲಿ ಫ್ರಾನ್ಸಿನ ದಡದ ಲಾ ಊಗ್ ಹತ್ತಿರ ಅವರ ಹಡಗುಗಳನ್ನು ಇಂಗ್ಲಿಷರು, ಡಚ್ಚರು ಸುಟ್ಟದ್ದು ಅದಕ್ಕೇ. ಅಂಥ ನೀರಿನಲ್ಲಿ ಎದುರು ದಡ ಗೊತ್ತಿಲ್ಲದೆ ಫ್ರೆಂಚ್ ನಾವಿಕ ಬದುಕೋಕೆ ಆಗುತ್ತಿರಲಿಲ್ಲ. ಮೀನಿಗೆ ಹೋದವನಿಗೂ ಅಷ್ಟೆ, ವ್ಯಾಪಾರಕ್ಕೆ ಹೋದವನಿಗೂ ಅಷ್ಟೆ.

ಮತ್ತೊಂದು ಮಾತು. ಬೆಲ್ಲಿನ್ ಹೋಗಿ ಆ ದಡ ಅಳೆದವರಲ್ಲ. ಪ್ಯಾರಿಸ್ಸಿನ ಮೇಜಿನ ಮುಂದೆ ಕೂತು, ಹಡಗುಗಳ ದಿನಚರಿ, ಹಳೆ ನಕ್ಷೆ, ಇಂಗ್ಲಿಷರದೇ ನಕ್ಷೆ, ಎಲ್ಲ ಹರಡಿಕೊಂಡು ತೂಗಿ ನೋಡಿ ಬರೆದವರು. 1693ರಲ್ಲಿ ಎರಡೂ ದೇಶ ತಮ್ಮ ತಮ್ಮ ದೊಡ್ಡ ಸಮುದ್ರ ನಕ್ಷೆಯ ಪುಸ್ತಕ ತಂದವು. ಇಂಗ್ಲೆಂಡಿನಲ್ಲಿ ಗ್ರೀನ್‌ವಿಲ್ ಕಾಲಿನ್ಸ್ ಅವರದು, ಫ್ರಾನ್ಸಿನಲ್ಲಿ ಲ ನೆಪ್ಚ್ಯೂನ್ ಫ್ರಾಂಸ್ವಾ ಅನ್ನೋದು. ಆಗ ಇಬ್ಬರಿಗೂ ಯುದ್ಧ ನಡೆಯುತ್ತಿತ್ತು. 1701ರಲ್ಲಿ ಧೂಮಕೇತುವಿನ ಹ್ಯಾಲಿ ಇದೇ ಕಾಲುವೆಯಲ್ಲಿ ಭರತ ಇಳಿತ ಅಳೆದರು. ಬೆಲ್ಲಿನ್ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು, ನಿಮ್ಮ ಹಾಳೆಯ ಮೇಲೇ ಬರೆದಿದೆಯಲ್ಲ. ಶತ್ರುದೇಶದ ಸದಸ್ಯತ್ವವನ್ನು ರಾಜನ ನೌಕಾಪಡೆಯ ನಕ್ಷೆ ಮೇಲೆ ಹೆಮ್ಮೆಯಿಂದ ಹಾಕಿಕೊಂಡಿದ್ದಾರೆ. ನನಗೆ ಇದು ಬಹಳ ದೊಡ್ಡದು ಅನಿಸುತ್ತದೆ. ಬಂಡೆ ಎಲ್ಲಿದೆ ಅನ್ನೋದನ್ನು ಮುಚ್ಚಿಟ್ಟರೆ ಎಲ್ಲರೂ ಮುಳುಗುತ್ತಾರೆ. ಆಮೇಲೆ 1795ರಲ್ಲಿ ಇಂಗ್ಲಿಷರೂ ನಕ್ಷೆಯ ಕಚೇರಿ ತೆರೆದರು. ಅವರು 1800ರಲ್ಲಿ ಹೊರತಂದ ಮೊದಲ ಚಾರ್ಟ್ ಫ್ರಾನ್ಸಿನ ಕಿಬೆರಾನ್ ಕೊಲ್ಲಿಯದು!

ಒಂದು ಕೆಲಸ ಮಾಡಿ. ಕಿಟಕಿಗೆ ಹಿಡಿದಾಗ ಸಮುದ್ರದ ಭಾಗದಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಇದೆಯಾ ನೋಡಿ. ಹಡಗಿನಲ್ಲಿ ಬಳಸಿದ ನಕ್ಷೆಯಾದರೆ ಡಿವೈಡರಿನ ಮೊನೆ ಗುರುತು ಬಿಟ್ಟಿರುತ್ತದೆ.

ವಸಂತನಗರ ಫ್ರೆಂಚ್ ಕ್ಲಾಸ್ ಬರೆದದ್ದು:

ಅಕ್ಕಾ, ನಾನು ಫ್ರೆಂಚ್ ಹೇಳಿಕೊಡುತ್ತೇನೆ, ಹೆಸರುಗಳ ಬಗ್ಗೆ ಎರಡು ಮಾತು. ಇಂಗ್ಲಿಷ್ ಚಾನೆಲ್ ಅಂತ ಹುಡುಕಿದರೆ ನಿಮ್ಮ ನಕ್ಷೆಯಲ್ಲಿ ಸಿಗೋದಿಲ್ಲ. ಫ್ರೆಂಚರಿಗೆ ಅದು ಲಾ ಮಾಂಶ್, ಅಂದರೆ ಅಂಗಿಯ ತೋಳು. ಆಕಾರ ನೋಡಿ, ಭುಜದ ಕಡೆ ಅಗಲ, ಮುಂಗೈ ಕಡೆ ಕಿರಿದು. ಡೋವರ್ ಅವರಿಗೆ ದೂವ್ರ್, ಥೇಮ್ಸ್ ಅವರಿಗೆ ತಮೀಜ್, ಕಾರ್ನ್‌ವಾಲ್ ಅವರಿಗೆ ಕೋರ್ನುವಾಯ್. ಇಂಗ್ಲೆಂಡಿನ ದಡದಲ್ಲಿ ಬಲಗಡೆಗೆ ಬೆವೆಜಿಯೇ ಅಂತ ಒಂದು ಹೆಸರು ಇರಬಹುದು. ಈಗಿನ ನಕ್ಷೆಯಲ್ಲಿ ಅದು ಬೀಚಿ ಹೆಡ್. ಪಕ್ಕದ ಪೆವೆನ್ಸಿ ಅನ್ನೋ ಊರ ಹೆಸರು ಫ್ರೆಂಚರ ಬಾಯಲ್ಲಿ ಹಾಗಾಯಿತು. 1690ರ ಜುಲೈನಲ್ಲಿ ಅಲ್ಲಿ ಅಡ್ಮಿರಲ್ ತೂರ್ವಿಲ್ ಗೆದ್ದರು, ಅದಕ್ಕೇ ಫ್ರೆಂಚ್ ಚರಿತ್ರೆ ಪುಸ್ತಕದಲ್ಲಿ ಆ ಹೆಸರು ಇನ್ನೂ ಉಳಿದಿದೆ. ಓದುವಾಗ ನಡುವೆ ಎಫ್ ತರಹ ಕಾಣುವ ಅಕ್ಷರ ಬಂದರೆ ಅದು ಹಳೆ ಕಾಲದ ಉದ್ದನೆಯ ಎಸ್. ದ್ವೀಪ ಅನ್ನೋ ಪದ ಅದರಿಂದಲೇ ವಿಚಿತ್ರವಾಗಿ ಕಾಣುತ್ತದೆ.

ನಾಲ್ಕು ಪಟ್ಟಿಯ ಸಂಗತಿ. ಆಗ ಸೊನ್ನೆ ಡಿಗ್ರಿ ಎಲ್ಲಿಂದ ಅಂತ ಎಲ್ಲರೂ ಒಪ್ಪಿದ ಜಾಗವೇ ಇರಲಿಲ್ಲ. ಎರಡೂ ಕಾಲು ಚಿಲ್ಲರೆ ಅನ್ನೋದು ಪ್ಯಾರಿಸ್ಸಿನಿಂದ ಪಶ್ಚಿಮಕ್ಕೆ. ಹದಿನೇಳೂವರೆ ದಾಟಿದ್ದು ಕ್ಯಾನರಿ ದ್ವೀಪಗಳ ಪಶ್ಚಿಮದ ತುದಿಯ ಫೆರೋ ದ್ವೀಪದಿಂದ ಪೂರ್ವಕ್ಕೆ. 1634ರಲ್ಲಿ ಹದಿಮೂರನೇ ಲೂಯಿ ಫ್ರೆಂಚ್ ನಕ್ಷೆಗಳೆಲ್ಲ ಫೆರೋದಿಂದಲೇ ಎಣಿಸಬೇಕು ಅಂತ ಅಪ್ಪಣೆ ಮಾಡಿದ್ದರು. ಅದನ್ನು ಪ್ಯಾರಿಸ್ಸಿನಿಂದ ಸರಿಯಾಗಿ 20 ಡಿಗ್ರಿ ಅಂತ ಇಟ್ಟುಕೊಂಡರು. ನಿಮ್ಮ ಎರಡು ಅಂಕಿ ಕೂಡಿಸಿ ನೋಡಿ, ಇಪ್ಪತ್ತು ಬರಬೇಕು. ಉಳಿದ ಎರಡು ಪಟ್ಟಿ ಲಂಡನ್ನಿನದೂ ಇಂಗ್ಲೆಂಡಿನ ದಕ್ಷಿಣ ತುದಿಯ ಲಿಜರ್ಡ್ ಭೂಶಿರದ್ದೂ ಇರಬೇಕು, ಇಂಗ್ಲಿಷ್ ನಾವಿಕರು ಅಲ್ಲಿಂದ ಎಣಿಸುತ್ತಿದ್ದರು. ಗ್ರೀನಿಚ್ ಎಲ್ಲರಿಗೂ ಅಂತ ಆದದ್ದು 1884ರಲ್ಲಿ.

ಹನುಮಂತನಗರದ ಮನೆ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಿನ್ನೆ ಬೆಳಿಗ್ಗೆ ನಾನು, ಮಗಳು ಇಬ್ಬರೂ ಕಿಟಕಿಗೆ ಹಿಡಿದೆವು. ಗೆರೆಗಳಿವೆ! ಅಡ್ಡ ಗೆರೆ ಸ್ಕೇಲಿಟ್ಟು ನೋಡಿದೆ, 25 ಮಿಲಿಮೀಟರಿಗೆ ಒಂದು. ತಗಡಿನ ಕುಳಿ ಮೂರು ಕಡೆ ಉಗುರಿಗೆ ಸಿಕ್ಕಿತು. ಎರಡು ಅಂಕಿ ಕೂಡಿಸಿದೆ, ಇಪ್ಪತ್ತು.

ಮಗಳು ಗ್ಯಾಲಿಕಾದಲ್ಲಿ ಹುಡುಕಿ ಹೋಲಿಸುತ್ತಿದ್ದಾಳೆ. ನಾನು ಸುಮ್ನೆ ಕೂರಲಾಗದೆ ಬದಿಯ ಅಂಚಿನ ಡಿಗ್ರಿಗಳನ್ನು ಅಳೆದೆ. ಕೆಳಗೆ 49ರಿಂದ 50ಕ್ಕೆ 115 ಮಿಲಿಮೀಟರ್. ಮೇಲೆ 51ರಿಂದ 52ಕ್ಕೆ 120. ಮೊದಲು ಕಾಗದ ಹಿಗ್ಗಿದೆ ಅಂದುಕೊಂಡೆ. ಆಮೇಲೆ ನೆನಪಾಯಿತು, ಅಪ್ಪ ಊಟದ ತಟ್ಟೆ ಪಕ್ಕದಲ್ಲಿ ಕಿತ್ತಳೆ ಸಿಪ್ಪೆ ಬಿಡಿಸಿಟ್ಟು ತೋರಿಸುತ್ತಿದ್ದ, ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ತರುವ ಮರ್ಕೇಟರ್ ಪಾಠ. ಉತ್ತರಕ್ಕೆ ಹೋದ ಹಾಗೆ ಡಿಗ್ರಿ ಉದ್ದ ಆಗಬೇಕು, ಆಗಲೇ ಒಂದೇ ದಿಕ್ಕು ಹಿಡಿದ ಹಡಗಿನ ದಾರಿ ನೇರ ಗೆರೆ ಆಗೋದು.

ಹೊನ್ನಾವರದ ಸಾರ್, ಸೂಜಿ ತೂತಿಗೆ ಬಹಳ ಹುಡುಕಿದೆ. ಸಮುದ್ರದಲ್ಲಿ ಒಂದೂ ಇಲ್ಲ. ಇದು ನೀರಿಗೆ ಹೋದ ಹಾಳೆ ಅಲ್ಲ ಅನಿಸುತ್ತದೆ. ಆದರೆ ಬೇರೊಂದು ಸಿಕ್ಕಿತು. ಬಲಗಡೆ ಗೆರೆಯ ಹೊರಗೆ, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವ ಹಾಗೆ, ಗಟ್ಟಿ ಪೆನ್ಸಿಲಿನಲ್ಲಿ ತೀರಾ ಸಣ್ಣ ಬರಹ. "5 ಅಡಿ = 1.624 ಮೀ." ಅದರ ಕೆಳಗೆ ಮೂರು ಲೆಕ್ಕ. 18ಕ್ಕೆ 29.2, 25ಕ್ಕೆ 40.6, 60ಕ್ಕೆ 97.4. ನಾಲ್ಕರ ಬಾಲ ಮೇಲಕ್ಕೆತ್ತಿ ಬರೆಯೋದು ಅಪ್ಪ ಒಬ್ಬರೇ. ಅಂದರೆ ಟ್ರಂಕಿನಲ್ಲಿ ಇಟ್ಟು ಮರೆತಿರಲಿಲ್ಲ. ನಾವು ಮಲಗಿದ ಮೇಲೆ ತೆಗೆದು ನೋಡುತ್ತಿದ್ದರು ಅಂತ ಕಾಣುತ್ತದೆ. ಅವರು ಸಮುದ್ರ ನೋಡಿದ್ದು ಒಂದೇ ಸಲ, ಮಲ್ಪೆಯಲ್ಲಿ, ನನ್ನ ಮದುವೆ ಆದ ವರ್ಷ. ಮೊಣಕಾಲುದ್ದ ನೀರಿನಲ್ಲಿ ನಿಂತು ಬಹಳ ಹೊತ್ತು ಬರಲೇ ಇಲ್ಲ.

ತಮ್ಮನಿಗೆ ಆ ಪೆನ್ಸಿಲ್ ಸಾಲು ತೋರಿಸಿದೆ. ಲ್ಯಾಮಿನೇಷನ್ ಮಾತು ಬಿಟ್ಟಿದ್ದಾನೆ. ದೊಡ್ಡದಾಗಿ ಫೋಟೋ ತೆಗೆಸಿ ಅದನ್ನು ಫ್ರೇಮ್ ಹಾಕಿಸಿಕೊಳ್ತೀನಿ ಅಂದ. ಮಂಗಳವಾರ ಚಿತ್ರಕಲಾ ಪರಿಷತ್ತಿಗೆ ಇಬ್ಬರೂ ಹೋಗುತ್ತೇವೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಕಾಗದ ತೊಳೆದು ಶುಚಿ ಮಾಡುವಾಗ ಪೆನ್ಸಿಲ್ ಹೋಗಿಬಿಡುತ್ತಾ?

ಹಳೇ ಕಾಗದ ಬರೆದದ್ದು:

ನೀರಿಗೆ ಪೆನ್ಸಿಲ್ ಸಾಮಾನ್ಯವಾಗಿ ಹೋಗೋದಿಲ್ಲ ಮೇಡಂ. ರಬ್ಬರಿಗೆ ಹೋಗುತ್ತದೆ. ತೊಳೆಯುವ ಮುಂಚೆ ಮೇಲಿನ ಧೂಳು ತೆಗೆಯಲು ರಬ್ಬರ್ ಪುಡಿ ಆಡಿಸುತ್ತಾರೆ, ಅಪಾಯ ಇರೋದು ಅಲ್ಲಿ. ಕೊಡುವಾಗಲೇ ಆ ಜಾಗ ಬೆರಳಿಟ್ಟು ತೋರಿಸಿ, ಇದು ಹೀಗೇ ಉಳಿಯಬೇಕು ಅಂತ ಚೀಟಿಯಲ್ಲೂ ಬರೆಸಿ. ಹೋಗುವ ಮುಂಚೆ ಟಾರ್ಚ್ ಓರೆ ಹಿಡಿದು ಆ ಸಾಲಿನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ. ಡೈರಿಯ ಆ ಪುಟದ್ದೂ ಒಂದು ತೆಗೆಯಿರಿ, ಹಾಲಿನ ಸಾಲು ಸೇರಿಸಿ. ಎರಡನ್ನೂ ನಕ್ಷೆಯ ಬೋರ್ಡಿನ ಜೊತೆಗೇ ಇಡಿ.